ಬಿಸಿಲು ತಿಂದ ಮುಖ

ವಿಜಿಲೆನ್ಸ್ ತನಿಖಾಧಿಕಾರಿ ಭಟ್ನಾಗರ್ ಸಾಹೇಬರು ಫೋಟೋ ಒಂದನ್ನು ಮೇಜಿನ ಮೇಲಿಟ್ಟು ವೈಜಯಂತಿಯ ಕಡೆಗೆ ತಿರುಗಿಸಿದರು. ಇಲಾಖೆಯ ಕ್ರೀಡಾಕೂಟದ ಫೋಟೋ. ಕೊರಳಲ್ಲಿ ವಿಷಲ್ ಹಾಕಿಕೊಂಡು ಇಬ್ಬರು ಹೆಂಗಸರು ಪಕ್ಕಪಕ್ಕ ನಿಂತಿದ್ದಾರೆ.

“ಇವರಲ್ಲಿ ದೊಡ್ಡವರು ಯಾರು ಮೇಡಂ?”

“ಒಬ್ಬಳು ನಾನು. ಇನ್ನೊಬ್ಬಳು ಧಾರಿಣಿ. ನಿಮಗೇನು ಗೊತ್ತಿಲ್ಲದವಳಲ್ಲ.”

“ನಾನು ಕೇಳಿದ್ದು ಅದಲ್ಲ.”

 ದೆಹಲಿಯ ಓಖ್ಲಾದ ಆ ಕಚೇರಿಯಲ್ಲಿ ಎಸಿ ಕೆಟ್ಟು ವಾರವಾಗಿತ್ತು. ಮೇ ತಿಂಗಳ ಬಿಸಿಗಾಳಿ ಕಿಟಕಿಯ ಗಾಜನ್ನು ಗುದ್ದುತ್ತಿತ್ತು.

“ಸರ್ವಿಸ್ ಬುಕ್ ಪ್ರಕಾರ ಇಬ್ಬರೂ ಹುಟ್ಟಿದ್ದು ಒಂದೇ ದಿನ. 1968ರ ಜೂನ್ ಒಂದು. ಒಂದೇ ಊರು, ಒಂದೇ ಶಾಲೆ. ಈ ಫೋಟೋನ ನನ್ನ ಹೆಂಡತಿಗೆ ತೋರಿಸಿದೆ. ತಾಯಿ-ಮಗಳಾ ಅಂತ ಕೇಳಿದಳು,” ಎಂದು ಭಟ್ನಾಗರ್ ಕನ್ನಡಕ ತೆಗೆದರು. “ಧಾರಿಣಿ ಮೇಡಂ ನಲವತ್ತೈದರವರ ಹಾಗೆ ಕಾಣ್ತಾರೆ. ನೀವು, ಬೇಜಾರು ಮಾಡ್ಕೋಬೇಡಿ, ಎಪ್ಪತ್ತರ ಹತ್ತಿರದವರ ಹಾಗೆ.”

ಬೇಜಾರು ಮಾಡಿಕೊಳ್ಳಬೇಡಿ ಎಂದವರೆಲ್ಲ ಬೇಜಾರಾಗುವ ಮಾತನ್ನೇ ಆಡುತ್ತಾರೆ. ವೈಜಯಂತಿಗೆ ಅದು ಹೊಸದಲ್ಲ. ಮೆಟ್ರೋದಲ್ಲಿ ಹುಡುಗರು ಎದ್ದು ಸೀಟು ಬಿಟ್ಟುಕೊಡಲು ಶುರು ಮಾಡಿ ಹತ್ತು ವರ್ಷವಾಗಿತ್ತು. ಆದರೆ ಈಗಿನ ಮಾತು ಸೀಟಿನದಲ್ಲ. ಅವಳ ಕೈಕೆಳಗೇ ಕೋಚ್ ಆಗಿದ್ದ ಬಲ್‌ಜೀತ್ ದಹಿಯಾ ಹೆಸರು ಹಾಕಿ, ಸಹಿ ಹಾಕಿ ದೂರು ಕೊಟ್ಟಿದ್ದ. ವೈಜಯಂತಿಗೆ ಅರವತ್ತು ದಾಟಿ ವರ್ಷಗಳಾಗಿವೆ, ಸುಳ್ಳು ಸರ್ಟಿಫಿಕೇಟು ಕೊಟ್ಟು ನೌಕರಿಯಲ್ಲಿ ಕೂತಿದ್ದಾಳೆ ಎಂದು. ಅದು ನಿಜವೆಂದು ವಿಜಿಲೆನ್ಸ್ ಬರೆದರೆ ನೌಕರಿ ಹೋಗುತ್ತದೆ, ಪೆನ್ಷನ್ ಹೋಗುತ್ತದೆ, ಮೋಸಗಾತಿ ಅನ್ನುವ ಹೆಸರು ಉಳಿಯುತ್ತದೆ. ಜುಲೈಯಲ್ಲಿ ಕ್ರೀಡಾಧಿಕಾರಿಯ ಹುದ್ದೆ ಖಾಲಿಯಾಗುವುದಿತ್ತು, ಸರದಿ ವೈಜಯಂತಿಯದು, ಅವಳ ನಂತರ ಅವನದು. ದಹಿಯಾಗೆ ಸತ್ಯದ ಮೇಲೆ ಏಕಾಏಕಿ ಪ್ರೀತಿ ಹುಟ್ಟಿದ್ದು ಅದಕ್ಕೇ.

“ಇನ್ನೂ ಒಂದಿದೆ,” ಎಂದು ಭಟ್ನಾಗರ್ ಎರಡನೇ ಕಾಗದ ತಳ್ಳಿದರು. ಮಗಳು ಲಾವಣ್ಯಾ ಫೇಸ್‌ಬುಕ್ಕಿನಲ್ಲಿ ಹಾಕಿದ್ದ ಫೋಟೋ. ಕೇಕಿನ ಮುಂದೆ ನಗುತ್ತಿರುವ ವೈಜಯಂತಿ. ಹ್ಯಾಪಿ ಬರ್ತ್‌ಡೇ ಅಮ್ಮಾ. ತಾರೀಕು ನವೆಂಬರ್ ಹನ್ನೆರಡು.

“ಒಬ್ಬ ಮನುಷ್ಯ ವರ್ಷಕ್ಕೆ ಎರಡು ಸಲ ಹುಟ್ಟೋಕಾಗಲ್ಲ ಮೇಡಂ. ಮೊದಲು ಮೆಡಿಕಲ್ ಬೋರ್ಡಿಗೆ ಹೋಗಿ ಬನ್ನಿ. ಆಮೇಲೆ ಇದರ ಬಗ್ಗೆ ಬರೆದುಕೊಡಿ.”

ವೈಜಯಂತಿಯದು ಹೊಳಲ್ಕೆರೆ ಕಡೆಯ ಒಂದು ಹಳ್ಳಿ. ಹುಟ್ಟುವಾಗಲೇ ಕೆಂಪು ಮೈಬಣ್ಣ. ಬಿಸಿಲಿಗೆ ಹೋದರೆ ಕೆನ್ನೆ ಟೊಮ್ಯಾಟೊ ಆಗುತ್ತಿತ್ತು, ಎರಡು ದಿನ ಬಿಟ್ಟು ಮೂಗಿನ ಸಿಪ್ಪೆ ಏಳುತ್ತಿತ್ತು. ಕಪ್ಪಾಗುವುದು ಅನ್ನುವುದು ಅವಳ ಚರ್ಮಕ್ಕೆ ಗೊತ್ತೇ ಇರಲಿಲ್ಲ. ಸುಡುವುದು, ಸುಲಿಯುವುದು, ಮತ್ತೆ ಸುಡುವುದು. ಬಂದವರು ಹೋದವರು ಗಲ್ಲ ಹಿಡಿದು ಎಷ್ಟು ಚೆನ್ನಾಗಿದೆ ಮಗು ಅನ್ನುತ್ತಿದ್ದರು. ಊರಿಗೆ ಯಾರಾದರೂ ಸಾಹೇಬರು ಬಂದರೆ ಹಾರ ಹಾಕಲು ಅವಳನ್ನೇ ನಿಲ್ಲಿಸುತ್ತಿದ್ದರು.

ಧಾರಿಣಿಯನ್ನು ಯಾರೂ ಎಲ್ಲಿಯೂ ನಿಲ್ಲಿಸುತ್ತಿರಲಿಲ್ಲ. ಅವಳು ಕೇರಿಯ ಹುಡುಗಿ. ಮನೆಯಲ್ಲಿಟ್ಟ ಹೆಸರು ಕರಿಯಮ್ಮ, ಊರ ದೇವತೆಯದು. ಹೆಡ್‌ಮೇಷ್ಟ್ರು ರಿಜಿಸ್ಟರಿನಲ್ಲಿ ಧಾರಿಣಿ ಎಂದು ಬರೆದುಕೊಂಡರು. ಆದರೂ ಹುಡುಗರಿಗೆ ಅವಳು ಕರಿ. ಕರಿ ಬಂದಳು, ಕರಿ ಓಡಿದಳು, ಕರಿ ಗೆದ್ದಳು. ಗೆಲ್ಲುವುದೇನೋ ಅವಳೇ ಗೆಲ್ಲುತ್ತಿದ್ದಳು.

ಹೆಡ್‌ಮೇಷ್ಟ್ರು ಅವತ್ತು ಬರೆದದ್ದು ಹೆಸರಷ್ಟೇ ಅಲ್ಲ. ಒಂದನೇ ತರಗತಿಗೆ ಸೇರಿದ ಮೂವತ್ತೊಂದು ಮಕ್ಕಳ ಹುಟ್ಟಿದ ದಿನವನ್ನೂ ಒಂದೇ ಕೂತಲ್ಲಿ ಬರೆದರು. ಎಲ್ಲರಿಗೂ ಜೂನ್ ಒಂದು. ಎಲ್ಲರಿಗೂ 1968. ಯಾವ ತಾಯಿಗೂ ತಾರೀಕು ಗೊತ್ತಿರಲಿಲ್ಲ. ಶಾಲೆ ತೆರೆಯುವ ಹೊತ್ತಿಗೆ ವಯಸ್ಸು ಸರಿಹೊಂದಬೇಕು, ಅಷ್ಟೆ. ಕರ್ನಾಟಕದಲ್ಲಿ ಆ ಕಾಲದ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ಅಲ್ಲಿನ ಕಚೇರಿಗಳಲ್ಲಿ ಮೇ ಮೂವತ್ತೊಂದಕ್ಕೆ ಸಾಲು ಹಿಡಿದು ನಿವೃತ್ತರಾಗುತ್ತಾರೆ. ಯಾರೂ ಹುಬ್ಬೇರಿಸುವುದಿಲ್ಲ. ದೆಹಲಿಯ ವಿಜಿಲೆನ್ಸ್‌ಗೆ ಇದು ಗೊತ್ತಿಲ್ಲ.

ವೈಜಯಂತಿ ಹುಟ್ಟಿದ್ದು ಆ ವರ್ಷದ ದೀಪಾವಳಿ ಕಳೆದು ಮೂರು ವಾರಕ್ಕೆ. ಅಮ್ಮ ಹೇಳಿದ್ದು. ಮೇಷ್ಟ್ರು ಅವಳಿಗೆ ಐದು ತಿಂಗಳು ಹೆಚ್ಚು ಹಾಕಿದ್ದರು. ಅಂದರೆ ಅವಳು ದಾಖಲೆಗಿಂತ ಚಿಕ್ಕವಳು. ಆದರೆ ಧಾರಿಣಿ ಶಾಲೆಗೆ ಬಂದಾಗ ಅವಳಿಗೆ ಒಂಬತ್ತು ತುಂಬಿತ್ತು. ಅಲ್ಲಿವರೆಗೆ ಗೌಡರ ಮನೆಯ ಎಮ್ಮೆ ಕಾಯುತ್ತಿದ್ದಳು. ಹಳ್ಳ ತುಂಬಿದಾಗ ಐದೂವರೆ ವರ್ಷದ ವೈಜಯಂತಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ದಾಟಿಸಿದವಳು ಅವಳು. ಲೆಕ್ಕ ಹಾಕಿ ನೋಡಿದರೆ ಧಾರಿಣಿಗೆ ಈಗ ಅರವತ್ತು ದಾಟಿದೆ. ನೌಕರಿಯಲ್ಲಿ ಇರಬಾರದವಳು ಅವಳು. ಮುದುಕಿಯಂತೆ ಕಾಣುವವಳ ವಯಸ್ಸು ಸರಿ, ಹುಡುಗಿಯಂತೆ ಕಾಣುವವಳ ವಯಸ್ಸು ತಪ್ಪು. ಇದು ಗೊತ್ತಿದ್ದದ್ದು ಇಡೀ ದೆಹಲಿಯಲ್ಲಿ ಇಬ್ಬರಿಗೆ.

ಭಾನುವಾರ ಮುಖರ್ಜಿ ನಗರದ ಹಾಸ್ಟೆಲಿನಿಂದ ಲಾವಣ್ಯಾ ಬಂದಳು. ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುತ್ತಿದ್ದ ಹುಡುಗಿ, ರೂಲ್ಸೆಲ್ಲ ಬಾಯಿಪಾಠ. ದೆಹಲಿಯಲ್ಲೇ ಬೆಳೆದವಳು, ಮಾತಲ್ಲಿ ಅರ್ಧ ಹಿಂದಿ.

“ಅಮ್ಮಾ, ಮೆಟ್ರಿಕ್ ಸರ್ಟಿಫಿಕೇಟ್ ಹೀ ಫೈನಲ್ ಹೈ. ಅವರು ಏನೂ ಮಾಡೋಕಾಗಲ್ಲ.”

“ಆ ಸರ್ಟಿಫಿಕೇಟೇ ಸುಳ್ಳು ಅಂತಿದಾರೆ.”

“ತೋ ಲಿಖ್ ದೋ ನಾ! ಬರೆದುಕೊಡು, ಹೆಡ್‌ಮಾಸ್ಟರ್ ಎಲ್ಲರಿಗೂ ಜೂನ್ ಫಸ್ಟ್ ಬರೆದ್ರು, ನಾನು ನಿಜವಾಗಿ ಐದು ತಿಂಗಳು ಚಿಕ್ಕೋಳು ಅಂತ. ಊರಿಂದ ನಾಲ್ಕು ಜನರ ಸಾಕ್ಷಿ ತರ್ಸು. ಬಾತ್ ಖತಂ.”

“ಫೇಸ್‌ಬುಕ್ಕಿಗೆ ಹಾಕು ಅಂತ ನಿನಗೆ ಯಾರು ಹೇಳಿದ್ದು?”

“ಸಾರಿ ಬೋಲಾ ನಾ ಅಮ್ಮಾ. ಆದ್ರೆ ಬರೆಯೋಕೆ ಯಾಕೆ ಹೆದರ್ತಿದೀಯಾ? ಸಚ್ ಹೀ ತೋ ಹೈ, ನಿಜಾನೇ ತಾನೆ.”

ವೈಜಯಂತಿ ಚಪಾತಿ ಲಟ್ಟಿಸುತ್ತಲೇ ಇದ್ದಳು. ಮೂವತ್ತೊಂದು ಮಕ್ಕಳಿಗೂ ಒಂದೇ ದಿನ ಎಂದು ಬರೆದ ಮರುಕ್ಷಣ ಆ ಮೂವತ್ತೊಂದರಲ್ಲಿ ಇದೇ ಕಚೇರಿಯಲ್ಲಿರುವ ಇನ್ನೊಬ್ಬಳ ನಿಜವಾದ ವಯಸ್ಸೆಷ್ಟು ಎಂದು ಭಟ್ನಾಗರ್ ಕೇಳುತ್ತಾರೆ. ಊರಿನಿಂದ ಬರುವ ಸಾಕ್ಷಿಗಳು ಬಾಯಿ ತುಂಬ ಹೇಳುತ್ತಾರೆ, ಓ ಕರಿಯಮ್ಮನಾ, ಅವಳು ನಮಗಿಂತ ದೊಡ್ಡವಳಲ್ಲವಾ ಎಂದು. ಮಗಳಿಗೆ ಇದನ್ನು ಹೇಳುವ ಹಾಗಿರಲಿಲ್ಲ. ಹೇಳಿದರೆ ಮೂವರಿಗೆ ಗೊತ್ತಾದ ಹಾಗೆ.

ಮರುದಿನ ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ಧಾರಿಣಿ ಸುಣ್ಣದ ಗೆರೆ ಎಳೆಯುತ್ತಿದ್ದಳು. ಮೂವತ್ತೇಳು ವರ್ಷದಿಂದ ಇಬ್ಬರೂ ಇದೇ ಮೈದಾನದಲ್ಲಿದ್ದವರು. ಕಾಗದದ ಮೇಲೆ ಗುಮಾಸ್ತೆಯರು, ಕೆಲಸ ಮಾತ್ರ ಬಿಸಿಲಲ್ಲಿ. ಹುಡುಗಿಯರನ್ನು ಓಡಿಸುವುದು, ಟೈಮ್ ಹಿಡಿಯುವುದು, ಹನ್ನೊಂದರವರೆಗೆ ಕಾಯುವುದು. ವೈಜಯಂತಿ ಒಂದು ದಿನವೂ ಟೊಪ್ಪಿ ಹಾಕಿದವಳಲ್ಲ. ಊರಲ್ಲಿ ಕಲಿತ ಹಾಗೆ ಮುಖಕ್ಕೆ ಕೊಬ್ಬರಿ ಎಣ್ಣೆ ಬಳಿದುಕೊಂಡು ನಿಲ್ಲುತ್ತಿದ್ದಳು. ಎಣ್ಣೆ ಹಚ್ಚಿದರೆ ಬಿಸಿಲು ಒಳಗೆ ಇಳಿಯುವುದಿಲ್ಲ ಎಂದು ಅವಳಜ್ಜಿ ಹೇಳಿದ್ದಳು. ಮೂವತ್ತೈದಕ್ಕೆ ಕಣ್ಣಿನ ಸುತ್ತ ಗೆರೆ ಬಂತು. ನಲವತ್ತೈದಕ್ಕೆ ಕತ್ತು ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರಿಯಿತು. ಧಾರಿಣಿಯ ಮುಖ ಮಾತ್ರ ಕಡೆದ ಕಲ್ಲಿನಂತೆ ಇದ್ದ ಹಾಗೇ ಇತ್ತು. ಕೆನ್ನೆಯ ಮೂಳೆಯ ಮೇಲೆ ಎರಡು ಕಪ್ಪು ಕಲೆ, ಅಷ್ಟೆ.

“ಏನಂತಾನೆ ನಿನ್ನ ಭಟ್ನಾಗರ್?” ಧಾರಿಣಿ ತಲೆ ಎತ್ತದೆ ಕೇಳಿದಳು.

“ನಾನು ನಿನ್ನ ತಾಯಿಯಂತೆ.”

“ನಮ್ಮವ್ವ ಇಷ್ಟು ಕುರೂಪಿ ಇರಲಿಲ್ಲ ಬಿಡು.”

ವೈಜಯಂತಿ ನಕ್ಕಳು. ಧಾರಿಣಿ ನಗಲಿಲ್ಲ. ಸುಣ್ಣದ ಡಬ್ಬಿ ಕೆಳಗಿಟ್ಟು ಎದುರಿಗೆ ಬಂದು ನಿಂತಳು.

“ಎರಡನೇ ಹುಟ್ಟುಹಬ್ಬದ ಬಗ್ಗೆ ಬರೆದುಕೊಡು ಅಂದಿದಾನಂತೆ. ಏನು ಬರೀತೀಯಾ?”

“ಇನ್ನೂ ಗೊತ್ತಿಲ್ಲ ಧಾರಿ.”

“ಗೊತ್ತಿಲ್ಲ ಅಂದ್ರೆ ಏನೇ ಕೆಂಪಿ? ಹೇಳಿಬಿಡು. ನಾನು ಗಂಟುಮೂಟೆ ಕಟ್ಟಬೇಕೋ ಬೇಡ್ವೋ?”

“ಕೂಗಬೇಡ. ಹುಡುಗಿಯರು ನೋಡ್ತಿದಾರೆ.”

“ನೋಡ್ಲಿ. ನೀನು ಕೆಂಪಗಿದ್ದೆ ಅಂತ ಈ ನೌಕರಿಯ ಸೆಲೆಕ್ಷನ್‌ನಲ್ಲಿ ನಿನ್ನನ್ನ ತಗೊಂಡ್ರು. ಅವತ್ತು ನಾನೂರು ಮೀಟರ್‌ನಲ್ಲಿ ನಿನಗಿಂತ ಮುಂದೆ ಬಂದಿದ್ದೆ ನಾನು. ಪೆರೇಡಿನಲ್ಲಿ ಬಾವುಟ ಹಿಡಿಯೋಕೆ ಒಳ್ಳೆ ಮುಖ ಬೇಕು ಅಂದ ಆ ಸೆಲೆಕ್ಷನ್ ಮಾಡೋಕೆ ಬಂದ ಬೋಳಿಮಗ. ನೌಕರಿ ಸಿಗೋವರೆಗೆ ನಾನು ಮೂರು ವರ್ಷ ಇದೇ ಟ್ರ್ಯಾಕಿಗೆ ದಿನಗೂಲಿಗೆ ನೀರು ಹೊಡೆದೆ. ಈಗ ಅದೇ ಮುಖ ನಿನಗೆ ಕೈಕೊಡ್ತು. ಅದಕ್ಕೆ ನನ್ನ ಕೂದಲು ಹಿಡಿದು ದಡ ಸೇರ್ತೀಯಾ?”

ವೈಜಯಂತಿಗೆ ಕೋಪ ಬಂತು. “ಸೇರ್ತೀನಿ ಅಂತ ಅಂದ್ನಾ ನಾನು?”

“ಸೇರಲ್ಲ ಅಂತಾನೂ ಅನ್ನಲಿಲ್ಲ,” ಎಂದು ಧಾರಿಣಿ ಡಬ್ಬಿ ಎತ್ತಿಕೊಂಡು ಹೋದಳು. ಅವತ್ತು ಎಳೆದ ಗೆರೆ ಸೊಟ್ಟಗಿತ್ತು.

ಮೆಡಿಕಲ್ ಬೋರ್ಡಿಗೆ ವೈಜಯಂತಿ ಒಬ್ಬಳೇ ಹೋದಳು. ಸರ್ಕಾರಿ ಆಸ್ಪತ್ರೆಯ ಮೂರನೇ ಮಹಡಿ. ಹಲ್ಲು ನೋಡಿದರು, ಮಣಿಕಟ್ಟು, ಸೊಂಟ, ಮಂಡಿಯ ಎಕ್ಸ್‌ರೇ ತೆಗೆದರು. ಮೂಳೆಯ ಡಾಕ್ಟರು ಕೈ ಚೆಲ್ಲಿದರು. ಈ ವಯಸ್ಸಲ್ಲಿ ಮೂಳೆ ನೋಡಿ ವರ್ಷ ಹೇಳೋಕಾಗಲ್ಲ, ಐವತ್ತೈದೂ ಇರಬಹುದು, ಅರವತ್ತೈದೂ ಇರಬಹುದು. ಹತ್ತು ವರ್ಷದ ಆ ಗುಂಡಿಯಲ್ಲಿ ಅವಳ ನೌಕರಿ ಬಿದ್ದಿತ್ತು. ಉಳಿದವರು ಚರ್ಮದ ಡಾಕ್ಟರು. ಗಿಡ್ಡನೆಯ ಹೆಂಗಸು, ಮಾತು ಚುರುಕು. ಮೂಲೆಯಲ್ಲಿ ಭಟ್ನಾಗರ್ ಕಳಿಸಿದ ಗುಮಾಸ್ತ ಫೈಲು ಹಿಡಿದು ಕೂತಿದ್ದ.

“ಪರದೆಯ ಹಿಂದೆ ಬನ್ನಿ. ಕುರ್ತಾ ತೆಗೀರಿ.”

ಐವತ್ತೇಳನೇ ವಯಸ್ಸಿನಲ್ಲಿ, ತಾನು ಸುಳ್ಳುಗಾತಿಯಲ್ಲ ಎಂದು ತೋರಿಸಲು ಬಟ್ಟೆ ಬಿಚ್ಚಬೇಕು. ವೈಜಯಂತಿ ಹಲ್ಲು ಕಚ್ಚಿ ಬಿಚ್ಚಿದಳು. ಡಾಕ್ಟರು ಅವಳ ತೋಳನ್ನು ಮೇಲೆತ್ತಿ ಒಳಭಾಗಕ್ಕೆ ದೀಪ ಹಿಡಿದರು. ಆಮೇಲೆ ಹೊಟ್ಟೆ, ಬೆನ್ನು. ಚರ್ಮವನ್ನು ಬೆರಳಲ್ಲಿ ಹಿಡಿದು ಬಿಟ್ಟು ನೋಡಿದರು.

“ಇಲ್ಲಿ ನೋಡಿ,” ಎಂದು ಅವಳ ತೋಳಿನ ಒಳಭಾಗವನ್ನು ಅವಳಿಗೇ ತೋರಿಸಿದರು. ನಯವಾದ, ತೆಳು ಬಣ್ಣದ, ಗೆರೆಯಿಲ್ಲದ ಚರ್ಮ. ಮೊಣಕೈ ತಿರುಗಿಸಿದರೆ ಹೊರಭಾಗದಲ್ಲಿ ಕಂದು ಚುಕ್ಕೆ, ಸುಕ್ಕು, ಹಳೇ ಚಪ್ಪಲಿಯ ತೊಗಲು. “ಎರಡೂ ನಿಮ್ಮದೇ. ಎರಡಕ್ಕೂ ಒಂದೇ ವಯಸ್ಸು. ಒಂದು ಬಿಸಿಲು ನೋಡಿದೆ, ಒಂದು ನೋಡಿಲ್ಲ. ನಿಮ್ಮಂಥ ಚರ್ಮದಲ್ಲಿ ಬಣ್ಣ ಕಮ್ಮಿ. ಬಿಸಿಲು ಸೀದಾ ಒಳಗಿಳಿದು ಚರ್ಮವನ್ನ ಬಿಗಿಯಾಗಿ ಹಿಡಿದಿರೋ ನಾರನ್ನ ಕಡಿದು ಹಾಕತ್ತೆ. ಎಷ್ಟು ವರ್ಷ ನಿಂತಿರಿ?”

“ಮೂವತ್ತೇಳು.”

“ಮುಖಕ್ಕೆ ಏನು ಹಚ್ತಿದ್ರಿ?”

“ಕೊಬ್ಬರಿ ಎಣ್ಣೆ.”

ಡಾಕ್ಟರು ಹಣೆ ಚಚ್ಚಿಕೊಂಡರು. “ಬಾಣಲೆಗೆ ಎಣ್ಣೆ ಹಾಕಿ ಒಲೆ ಮೇಲಿಟ್ಟ ಹಾಗೆ! ಎಣ್ಣೆ ಬಿಸಿಲನ್ನ ತಡೆಯಲ್ಲ ತಾಯಿ. ಇನ್ನು ಮೇಲೆ ಟೊಪ್ಪಿ, ಉದ್ದ ತೋಳು, ನೆರಳು. ಮೂಗಿನ ಮೇಲೆ ಈ ಒರಟು ಜಾಗ ಇದೆಯಲ್ಲ, ಇದನ್ನ ಬಿಡಬೇಡಿ, ತಿಂಗಳೊಳಗೆ ಬಂದು ತೆಗೆಸಿಕೊಳ್ಳಿ. ಸುಮ್ಮನಿದ್ದರೆ ಕೆಟ್ಟದಕ್ಕೆ ತಿರುಗಬಹುದು.”

ಕುರ್ತಾ ತೊಟ್ಟು ಹೊರಗೆ ಬಂದಾಗ ಗುಮಾಸ್ತ ಫೈಲಿನಿಂದ ಆ ಫೋಟೋ ತೆಗೆದು ಡಾಕ್ಟರ ಮುಂದಿಟ್ಟಿದ್ದ. 

“ಇವರೂ ಅದೇ ಮೈದಾನದಲ್ಲೇ ನಿಂತವರು ಮೇಡಂ. ಇವರಿಗೆ ಯಾಕೆ ಏನೂ ಆಗಿಲ್ಲ?”

“ಆಗಿದೆ. ಕೆನ್ನೆ ಮೇಲೆ ಕಲೆ ಬಿದ್ದಿದೆ ನೋಡಿ. ಕಪ್ಪು ಚರ್ಮವನ್ನೂ ಬಿಸಿಲು ಬಿಡಲ್ಲ. ಆದರೆ ಅದರೊಳಗಿರೋ ಬಣ್ಣವೇ ಕೊಡೆ ಹಿಡಿದ ಹಾಗೆ. ಸುಕ್ಕು ಬರೋದು ಹತ್ತು, ಹದಿನೈದು ವರ್ಷ ತಡ.”

“ಹಾಗಾದರೆ ಇವರ ವಯಸ್ಸು?”

“ಮುಖ ನೋಡಿ ಹೇಳೋಕಾಗಲ್ಲ. ಐವತ್ತೂ ಇರಬಹುದು, ಅರವತ್ತೈದೂ ಇರಬಹುದು.”

ಗುಮಾಸ್ತ ಅದನ್ನು ಬರೆದುಕೊಂಡ. ಡಾಕ್ಟರ ಮಾತು ವೈಜಯಂತಿಯನ್ನು ಬಿಡಿಸಿತ್ತು. ಅದೇ ಮಾತು ಧಾರಿಣಿಯ ಕಡೆಗೆ ಇನ್ನೊಂದು ಬಾಗಿಲನ್ನೂ ತೆರೆದಿತ್ತು. 

ಹತ್ತು ದಿನದ ನಂತರ ಭಟ್ನಾಗರ್ ಕರೆಸಿದರು. ಈ ಸಲ ಚಹಾ ತರಿಸಿದರು. ಚಹಾ ತರಿಸುವ ಅಧಿಕಾರಿಯ ಮುಂದೆ ಹುಷಾರಾಗಿರಬೇಕು ಎಂದು ವೈಜಯಂತಿ ನೌಕರರ ಸಂಘದಲ್ಲಿ ಕಲಿತಿದ್ದಳು.

“ಅಭಿನಂದನೆ ಮೇಡಂ. ಬೋರ್ಡ್ ನಿಮ್ಮ ಪರ ಬರೆದಿದೆ. ಮುಖದ ವಿಷಯ ಮುಗೀತು. ಉಳಿದದ್ದು ಈ ನವೆಂಬರ್.” ಖಾಲಿ ಹಾಳೆ, ಪೆನ್ನು ಮುಂದಿಟ್ಟರು. “ನಾನೂ ವಿಚಾರಿಸಿದೆ. ನಿಮ್ಮ ಕಡೆ ಮೇಷ್ಟ್ರುಗಳು ಎಲ್ಲರಿಗೂ ಜೂನ್ ಒಂದು ಬರೀತಿದ್ರಂತೆ. ಅಚ್ಛಾ, ಅಷ್ಟೇ ಬರೆದು ಸಹಿ ಹಾಕಿ. ಇವತ್ತೇ ಫೈಲ್ ಮುಚ್ತೀನಿ. ಕ್ರೀಡಾಧಿಕಾರಿ ಹುದ್ದೆಗೂ ಅಡ್ಡಿಯಿಲ್ಲ.”

“ಅಷ್ಟೇನಾ?”

“ಅಷ್ಟೇ. ನಿಮ್ಮ ತರಗತಿಯಲ್ಲಿ ಯಾರ್ಯಾರಿಗೆ ಹಾಗೆ ಬರೆದರು, ನಿಮಗೆ ನೆನಪಿರೋ ಎರಡು ಹೆಸರು ಹಾಕಿದರೆ ಸಾಕು.” ಚಹಾದ ಕಪ್ಪನ್ನು ಅವಳ ಹತ್ತಿರ ಸರಿಸಿದರು. “ಧಾರಿಣಿ ಮೇಡಂ ಶಾಲೆಗೆ ಸೇರಿದಾಗ ಎಷ್ಟು ವರ್ಷದವರಿದ್ದರು, ನಿಮಗೆ ನೆನಪಿದೆಯಾ?”

ಹುದ್ದೆ ಕಣ್ಣಿಗೆ ಕಾಣುವಷ್ಟು ಹತ್ತಿರವಿತ್ತು. ಬರೆಯಬೇಕಾದದ್ದು ಸುಳ್ಳೂ ಅಲ್ಲ. ಧಾರಿಣಿ ಮೈದಾನದಲ್ಲಿ ಆಡಿದ ಮಾತು ನೆನಪಾಗಿ ಮೈ ಉರಿಯಿತು. ಅವಳ ಬಾಯಿಗೆ ಬರೆ ಹಾಕಬೇಕು, ಒಂದು ನಿಮಿಷ ಹಾಗೂ ಅನ್ನಿಸಿತು. ಆಯ್ಕೆಯ ದಿನ ಧಾರಿಣಿ ಮೊದಲು ಬಂದದ್ದು ನಿಜ. ಆಗ ವೈಜಯಂತಿಗೆ ಇಪ್ಪತ್ತು. ಅವಳು ಮೊದಲು ಬಂದಳಲ್ಲ ಸಾರ್ ಎಂದು ಹೇಳುವ ಬಾಯಿ ಅವಳಿಗಿತ್ತು, ಹೇಳಲಿಲ್ಲ. ತನ್ನ ಮುಖ ಗೆದ್ದಿತು ಎಂದು ಒಳಗೊಳಗೇ ಖುಷಿಪಟ್ಟಿದ್ದಳು. ಅದನ್ನು ಅವಳು ಯಾರ ಹತ್ತಿರವೂ ಒಪ್ಪಿಕೊಂಡಿರಲಿಲ್ಲ.

ಪೆನ್ನು ತೆಗೆದುಕೊಂಡು ಬರೆದಳು. ‘ನನ್ನ ಹುಟ್ಟಿದ ದಿನ ಶಾಲೆಯ ದಾಖಲೆಯಲ್ಲಿ ಇರುವುದೇ. ಮನೆಯಲ್ಲಿ ಯಾವತ್ತು ಕೇಕ್ ಕತ್ತರಿಸುತ್ತೇವೆ ಎಂಬುದು ಇಲಾಖೆಗೆ ಸಂಬಂಧಿಸಿದ್ದಲ್ಲ. ಬೇರೆ ಯಾರ ವಿಷಯವನ್ನೂ ನಾನು ಹೇಳುವುದಿಲ್ಲ.’ ಸಹಿ ಹಾಕಿ ತಿರುಗಿಸಿಟ್ಟಳು.

ಭಟ್ನಾಗರ್ ಓದಿದರು. ಮುಖ ಗಂಟಾಯಿತು.

“ಇದನ್ನ ಒಪ್ಪೋಕಾಗಲ್ಲ. ಫೈಲ್ ತೆರೆದೇ ಇರತ್ತೆ. ವಿಜಿಲೆನ್ಸ್ ಕ್ಲಿಯರೆನ್ಸ್ ಇಲ್ಲದೆ ಹುದ್ದೆ ಸಿಗಲ್ಲ. ನಿವೃತ್ತಿ ದಿನಾನೂ ಈ ಫೈಲ್ ನಿಮ್ಮ ಬೆನ್ನಿಗಿರತ್ತೆ.”

“ಇರಲಿ ಬಿಡಿ.”

“ಇನ್ನೊಬ್ಬರಿಗೋಸ್ಕರ ಹಾಳಾಗ್ತಿದೀರಿ.”

“ಇನ್ನೊಬ್ಬರು ಅಂತ ನಾನು ಬರೆದಿಲ್ಲವಲ್ಲ ಸಾಹೇಬ್ರೇ. ನೀವು ಹೇಳ್ತಿರೋದು.” ಚಹಾ ಮುಟ್ಟದೆ ಎದ್ದಳು.

ಹುದ್ದೆ ದಹಿಯಾಗೆ ಹೋಯಿತು. ಧಾರಿಣಿಯ ಮೇಲೆ ಹೊಸ ಫೈಲು ತೆರೆಯಲು ಭಟ್ನಾಗರ್‌ಗೆ ಯಾರ ಬರಹವೂ ಸಿಗಲಿಲ್ಲ. ಒಂದು ಫೋಟೋ ಇಟ್ಟುಕೊಂಡು, ಅದರಲ್ಲೂ ಚೆನ್ನಾಗಿ ಕಾಣುವವಳ ಮೇಲೆ, ಏನು ಬರೆಯುವುದು? ವೈಜಯಂತಿಯ ಫೈಲು ಮಾತ್ರ ಬಾಯಿ ತೆರೆದುಕೊಂಡೇ ಕೂತಿತು. ಲಾವಣ್ಯಾ ಎರಡು ವಾರ ಫೋನು ಮಾಡಲಿಲ್ಲ.

ಮೂಗಿನ ಮೇಲಿನದನ್ನು ಸುಟ್ಟು ತೆಗೆಸಿಕೊಂಡ ಮರುದಿನ ವೈಜಯಂತಿ ಪ್ಲಾಸ್ಟರ್ ಅಂಟಿಸಿಕೊಂಡೇ ಮೈದಾನಕ್ಕೆ ಬಂದಳು. ಎಂಟು ಗಂಟೆ, ಆಗಲೇ ನೆಲ ಸುಡುತ್ತಿತ್ತು. ಧಾರಿಣಿ ಅವಳ ಕೈಯಿಂದ ಸ್ಟಾಪ್‌ವಾಚ್ ಕಿತ್ತುಕೊಂಡಳು.

“ಬರೆಯಲಿಲ್ಲವಂತೆ?”

“ಇಲ್ಲ.”

“ನಾನೇನು ನಿನ್ನ ಕಾಲು ಹಿಡಿದಿದ್ನಾ, ಬರೀಬೇಡ ಅಂತ?”

“ಇಲ್ಲ. ನೀನು ಬೈದೆ.”

“ಮತ್ತೂ ಬೈತೀನಿ. ಉಪಕಾರ ಮಾಡ್ದೆ ಅಂತ ತಿಳ್ಕೋಬೇಡ.”

“ಮಾಡಿಲ್ಲ ಕಣೇ. ಅವತ್ತು ಆಯ್ಕೆ ಮಾಡೋವಾಗ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಈಗ ಮುಚ್ಕೊಂಡಿದ್ದೀನಿ. ಅಷ್ಟೇ.”

 ಓಡುವ ಗೆರೆಯ ಮೇಲೆ ಆರು ಹುಡುಗಿಯರು ಬಗ್ಗಿ ಕಾಯುತ್ತಿದ್ದರು. ಧಾರಿಣಿ ಬೇವಿನ ಮರದ ಕೆಳಗಿನ ಕಲ್ಲು ಬೆಂಚಿನ ಕಡೆ ಗದ್ದ ಎತ್ತಿ ತೋರಿಸಿದಳು.

“ಹೋಗು, ಅಲ್ಲಿ ಕೂತು ಹೆಸರು ಬರ್ಕೋ. ಬಿಸಿಲಲ್ಲಿ ನಿಲ್ಲೋದು ನನಗೆ ಬಿಡು.”

“ನಿನಗೂ ಕಲೆ ಬೀಳತ್ತಂತೆ, ಡಾಕ್ಟರು ಹೇಳಿದ್ರು.”

“ಬೀಳ್ಲಿ. ಯಾರು ನೋಡ್ತಾರೆ,” ಎಂದು ಧಾರಿಣಿ ವಿಷಲ್ ಬಾಯಿಗಿಟ್ಟಳು.